ಅಲುಗಾಡ್ಬೇಡಿ ಕನ್ನಪ್ಪ

ಸಾಗರ–ಹೊಸನಗರ ಬಸ್ಸಿನ ಕಂಡಕ್ಟರ್ ಕನ್ನಪ್ಪ ಹಗಲೆಲ್ಲ "ಮುಂದ್ ಹೋಗ್ರಿ, ಮುಂದ್ ಹೋಗ್ರಿ" ಎಂದು ಜನರನ್ನು ತಳ್ಳುವವನು, ಕತ್ತಲಾದರೆ ಸಾಕು, "ಯಾರೂ ಅಲುಗಾಡ್ಬೇಡಿ" ಎಂದು ಊರನ್ನೇ ಹೆದರಿಸುತ್ತಾನೆ. ಮದುವೆ ಫೋಟೋದವರಿಂದ ಕೊಂಡ ಹಳೇ ಡಿಜಿಟಲ್ ಕ್ಯಾಮೆರಾ ಅವನದು. ಸ್ಟ್ಯಾಂಡ್ ಇಲ್ಲದ್ದಕ್ಕೆ ಭತ್ತದ ಹೊಟ್ಟಿನ ದಿಂಬಿನ ಮೇಲೆ ಅದನ್ನು ಹಸುಗೂಸಿನಂತೆ ಮಲಗಿಸುತ್ತಾನೆ. ಅರ್ಧ ನಿಮಿಷ ಕಣ್ಣು ತೆರೆದೇ ಇಟ್ಟರೆ ಆ ಬಡ ಕ್ಯಾಮೆರಾಕ್ಕೂ ಕತ್ತಲೊಳಗಿನ ಇಕ್ಕೇರಿ ಗುಡಿ, ಮೇಲಿನ ನಕ್ಷತ್ರ ಎಲ್ಲ ಕಾಣುತ್ತವಂತೆ. ಅಷ್ಟು ಹೊತ್ತೂ ಅವನು ಉಸಿರು ಬಿಡುವುದಿಲ್ಲ. ಬೊಗಳಿದರೆ ನಕ್ಷತ್ರ ನಡುಗುತ್ತದೆಂದು ನಾಯಿಗೂ ಕೈ ಮುಗಿಯುತ್ತಾನೆ. ಅವನಿಗಿರುವ ಆಸೆ ಒಂದೇ: ನಕ್ಷತ್ರಗಳ ಕೆಳಗೆ ಹೆಂಡತಿ ಸುಶೀಲಮ್ಮ ಸ್ಪಷ್ಟವಾಗಿ ಕೂತ ಒಂದು ಫೋಟೋ. ಸುಶೀಲಮ್ಮನೋ, ನಸುಕಿನಿಂದ ದನ, ಒಲೆ, ಗದ್ದೆ ಎಂದು ಓಡಿದ ಮೈ. ಕೂತಲ್ಲಿ ಕೂರುವುದು ಗೊತ್ತಿಲ್ಲ. ಸೊಳ್ಳೆ ಹೊಡೆಯುತ್ತಾಳೆ, ಹಾವಿರಬಹುದೆಂದು ಬ್ಯಾಟರಿ ಬೆಳಕು ಬಿಡುತ್ತಾಳೆ, "ಮುಗೀತಾ ಮಾರಾಯ್ರೆ?" ಎಂದು ನಡುವೆಯೇ ಎದ್ದು ಬರುತ್ತಾಳೆ. ಹಾಗಾಗಿ ಪ್ರತಿ ಫೋಟೋದಲ್ಲೂ ಗುಡಿ ಗುಡಿಯಂತಿರುತ್ತದೆ, ಹೆಂಡತಿ ಮಾತ್ರ ಹೊಗೆಯಂತೆ. "ನಿನ್ನ ಕಟ್ಕಂಡು ಇಷ್ಟ್ ವರ್ಷ ಆತು, ಒಂದ್ಸಲ ನೆಟ್ಟಗೆ ಸಿಕ್ಕಿಲ್ಲ ಮಾರಾಯ್ತಿ!" ಎಂದು ಅವನು ಗೋಳಾಡಿದರೆ, "ನಾ ನೆಟ್ಟಗೆ ಕೂತಿದ್ರೆ ನಿಮಗೆ ಊಟ ಯಾರ್ ಹಾಕ್ತಿದ್ರು?" ಎಂದು ಅವಳು ನಗುತ್ತಾಳೆ. ಮೊನ್ನೆ ಮಾತ್ರ ಗುಡಿಯೆದುರಿನ ಮೋರಿಕಟ್ಟೆಯ ಮೇಲೆ ಕೂತವಳು ಪಕ್ಕದ ಕಂಬಕ್ಕೊರಗಿ ಹಾಗೇ ನಿದ್ದೆ ಹೋದಳು. ಅರ್ಧ ನಿಮಿಷ ಮುಗಿದು ಕ್ಯಾಮೆರಾ ಟಕ್ ಎಂದಿತು. ನೋಡಿದರೆ ಮೂಗುತಿಯೂ ಕಾಣುವಷ್ಟು ಸ್ಪಷ್ಟವಾಗಿ ಸುಶೀಲಮ್ಮ! ಆ ಸದ್ದಿಗೆ ಅವಳು ಕಣ್ಣು ತೆರೆಯದೆಯೇ "ಮುಗೀತಾ ಮಾರಾಯ್ರೆ?" ಎಂದಳು. "ಇಲ್ಲ ಮಾರಾಯ್ತಿ, ಇನ್ನೂ ಸುಮಾರ್ ಹೊತ್ತಾಗ್ತದೆ, ಅಲುಗಾಡ್ಬೇಡ" ಎಂದ ಕನ್ನಪ್ಪ ಕ್ಯಾಮೆರಾ ಆಫ್ ಮಾಡಿ, ಟವೆಲ್ಲಿನಿಂದ ಅವಳ ಮೇಲಿನ ಸೊಳ್ಳೆ ಓಡಿಸುತ್ತಾ ಕೂತ.