ಒಣಮೀನು ನೆನೆಸಿದ ನೀರು

ಅಕ್ಕ ಕಾಪುವಿನಿಂದ ಅಂಬಲಪಾಡಿಯ ನನ್ನ ಮನೆಗೆ ಬಂದು ಉಳಿದದ್ದು ಡಯಾಲಿಸಿಸ್‌ಗಾಗಿ. ವಾರಕ್ಕೆರಡು ಸಲ ಮಣಿಪಾಲಕ್ಕೆ ಹೋಗಬೇಕಿತ್ತು, ಇಲ್ಲಿಂದಾದರೆ ಹತ್ತಿರ. ಬರುವಾಗ ಬಟ್ಟೆಬರೆ ಕಡಿಮೆ ಮಾಡಿ ಎರಡು ಮಣ್ಣಿನ ಕುಂಡಗಳನ್ನು ತಂದಳು. ಒಂದರಲ್ಲಿ ಲಿಂಬೆ, ಇನ್ನೊಂದರಲ್ಲಿ ಗಜಲಿಂಬೆ. ಭಾವ ತೀರಿಕೊಂಡ ವರ್ಷ ಕಾರ್ಕಳದ ನರ್ಸರಿಯಿಂದ ತಂದು ಸಾಕಿದ ಗಿಡಗಳು. ನನ್ನ ಅಂಗಳದಲ್ಲಿ ಬಿಸಿಲು ಬೀಳದ ಕಾರಣ ಅವನ್ನು ಟೆರೇಸಿನಲ್ಲಿ ಇಟ್ಟೆ. ಅಕ್ಕನಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೆಳಗೆ ಕೂತೇ ಕೇಳುತ್ತಿದ್ದಳು.

"ಲಿಂಬೆ ಹೇಗುಂಟು?"

"ಚೆನ್ನಾಗಿ ಉಂಟು."

ಮೊದಲ ತಿಂಗಳು ಅದು ನಿಜವೇ ಆಗಿತ್ತು. ಡಾಕ್ಟರು ಉಪ್ಪು ನಿಲ್ಲಿಸಿದ್ದರು. ಆ ಗಿಡದ ಲಿಂಬೆಯನ್ನು ನಾಲ್ಕು ಹನಿ ಹಿಂಡಿದರೆ ಮಾತ್ರ ಸಪ್ಪೆ ಗಂಜಿ ಅವಳ ಗಂಟಲಲ್ಲಿ ಇಳಿಯುತ್ತಿತ್ತು. ಅಂಗಡಿಯ ಲಿಂಬೆ ತಂದರೆ ಮೂಸಿ ನೋಡಿ ಬದಿಗಿಡುತ್ತಿದ್ದಳು.

ಅವಳು ನನ್ನಲ್ಲಿ ಬಾಯಿಬಿಟ್ಟು ಬೇಡಿದ್ದು ಒಂದನ್ನೇ. "ಒಂದು ಚೂರು ಒಣಮೀನಿನ ಚಟ್ನಿ ಮಾಡಿ ಕೊಡು ಮಾರಾಯ್ತಿ. ನಾಲಗೆ ಸತ್ತೇ ಹೋಗಿದೆ."

ಮೂರು ವಾರ ಬೈದೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ, ಮಕ್ಕಳಿಗೆ ಹೇಳುವ ಹಾಗೆ ಬೆರಳು ಮಡಚಿ ಹೇಳಿದೆ. ನಾಲ್ಕನೆಯ ವಾರ ಅವಳು ಗಂಜಿಯ ಬಟ್ಟಲನ್ನು ಮುಟ್ಟದೆ ಗೋಡೆ ನೋಡುತ್ತಾ ಕೂತಾಗ ನನ್ನ ಹಟ ಕರಗಿತು. ಮಲ್ಪೆಯಿಂದ ಒಣ ನಂಗು ಮೀನು ತಂದು, ನೀರಿನಲ್ಲಿ ನೆನೆಸಿ, ನೀರು ಬಸಿದು, ಮತ್ತೆ ನೆನೆಸಿ, ಹೀಗೆ ಮೂರು ಸಲ ಮಾಡಿದೆ. ಉಪ್ಪೆಲ್ಲ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಚಟ್ನಿ ಬಾಯಿಗಿಟ್ಟಾಗ ಅಕ್ಕನ ಕಣ್ಣು ತುಂಬಿತು. ಅಲ್ಲಿಂದ ಎರಡು ದಿನಕ್ಕೊಮ್ಮೆ ಅದೇ ಕೆಲಸ.

ನಮ್ಮ ಕಡೆಯ ಹೆಂಗಸರು ಮೀನಿನ ನೀರನ್ನು ಸುಮ್ಮನೆ ಚೆಲ್ಲುವುದಿಲ್ಲ. ಅದು ಬಸಳೆಯ ಬುಡಕ್ಕೋ ಕರಿಬೇವಿನ ಬುಡಕ್ಕೋ ಹೋಗಬೇಕು. ಅಮ್ಮ ಹಾಗೆಯೇ ಮಾಡುತ್ತಿದ್ದಳು. ನಾನೂ ಆ ಮೂರು ಪಾತ್ರೆ ನೀರನ್ನು ಮೆಟ್ಟಿಲು ಹತ್ತಿ ಹೊತ್ತುಕೊಂಡು ಹೋಗಿ ಅಕ್ಕನ ಕುಂಡಗಳಿಗೇ ಹೊಯ್ದೆ. ಬಹಳ ಪ್ರೀತಿಯಿಂದಲೇ ಹೊಯ್ದೆ.

ಎಲೆಯ ತುದಿಗಳು ಮೊದಲು ಸುಟ್ಟವು. ಆಮೇಲೆ ಅಂಚು ಕಂದು ಬಣ್ಣಕ್ಕೆ ತಿರುಗಿತು. ಗಜಲಿಂಬೆ ಒಂದೇ ವಾರದಲ್ಲಿ ಅರ್ಧ ಬೋಳಾಯಿತು. ನೀರು ಸಾಲದು ಎಂದುಕೊಂಡು ಇನ್ನಷ್ಟು ಮೀನಿನ ನೀರು ಹಾಕಿದೆ. ಕೆಳಗಿಳಿದು ಬಂದು "ಚೆನ್ನಾಗಿ ಉಂಟು" ಅಂದೆ. ಅಂಗಡಿಯ ಲಿಂಬೆಯನ್ನು ಕೊಯ್ದು ಹೋಳು ಮಾಡಿಯೇ ಅವಳ ಮುಂದಿಡತೊಡಗಿದೆ. ಅವಳು ಮೂಸಿದಳು, ಗಂಜಿಗೆ ಹಿಂಡಿಕೊಂಡಳು.

ಕೊನೆಗೆ ನಾಲ್ಕು ಎಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ನರ್ಸರಿಯ ಮುದುಕರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ನಿಮ್ಮ ಬಾವಿ ನೀರು ಉಪ್ಪುಂಟಾ?"

"ಇಲ್ಲ, ಸಿಹಿ ನೀರು."

"ಮತ್ತೆ ಎಂತ ಹಾಕುತ್ತೀರಿ?"

"ಎಂತದೂ ಇಲ್ಲ. ಮೀನಿನ ನೀರು ಮಾತ್ರ."

"ಹಸಿಮೀನಿಂದಾ, ಒಣಮೀನಿಂದಾ?"

"ಒಣಮೀನಿಂದು" ಎನ್ನುವಾಗಲೇ ನನಗೆ ಹೊಳೆಯಿತು. ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ದ್ರಾಕ್ಷಿಯನ್ನು ಉಪ್ಪುನೀರಿಗೆ ಹಾಕಿ ಅದು ಹೇಗೆ ಮುರುಟುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ತೋರಿಸಿದವಳು.

ಮುದುಕರು ಬೈಯಲಿಲ್ಲ. ಕುಂಡದ ಅಡಿಯ ತಟ್ಟೆ ತೆಗೆಯಿರಿ, ತೂತು ಬಿಡಿಸಿ, ಸಿಹಿ ನೀರು ಹೊಯ್ಯುತ್ತಾ ಇರಿ, ಕೆಳಗಿನಿಂದ ಬರುವ ನೀರು ತಿಳಿಯಾಗುವವರೆಗೆ ನಿಲ್ಲಿಸಬೇಡಿ ಎಂದರು. ನೆರಳಿನಲ್ಲಿ ಇಡಬೇಕು, ಚಿಗುರು ಬರುವವರೆಗೆ ಗೊಬ್ಬರ ಮುಟ್ಟಿಸಬಾರದು. "ಇರುವ ಕಾಯಿಯನ್ನೂ ಕಿತ್ತುಬಿಡಿ. ಈಗ ಅದಕ್ಕೆ ತನ್ನ ಜೀವ ಹಿಡಿದುಕೊಳ್ಳುವುದೇ ದೊಡ್ಡ ಕೆಲಸ."

ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆ ಶುರುವಾಯಿತು. ಗಿಡದ ಬೇರನ್ನು ಸುಡುವಷ್ಟು ಉಪ್ಪು ಆ ನೀರಿನಲ್ಲಿದ್ದರೆ, ಮೀನಿನಲ್ಲಿ ಇನ್ನೆಷ್ಟು ಉಳಿದಿತ್ತು? ಹಿಂದಿನ ವಾರವೇ ಅಕ್ಕನ ಕಾಲು ಬಾತಿತ್ತು, ತೂಕ ಏರಿತ್ತು. "ನೀರು ಹೆಚ್ಚು ಕುಡಿದಿರಾ?" ಎಂದು ಮಣಿಪಾಲದ ಡಾಕ್ಟರು ಕೇಳಿದಾಗ ಅಕ್ಕ ನನ್ನ ಮುಖ ನೋಡದೆ "ಹೌದು" ಅಂದಿದ್ದಳು. ನಾನೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಚಟ್ನಿ ನಿಲ್ಲಿಸಿದೆ. ಒಳ್ಳೆಯ ಮೀನು ಸಿಗುವುದಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ಗಿಡಗಳಿಗೆ ಕೊಡಗಟ್ಟಲೆ ನೀರು ಹೊಯ್ದೆ. ಬೆನ್ನು ಹಿಡಿದುಕೊಂಡಿತು. ಕಡಲೆಕಾಳಿನಷ್ಟಿದ್ದ ಲಿಂಬೆಕಾಯಿಗಳನ್ನು ಒಂದೊಂದಾಗಿ ಕಿತ್ತೆ. ಹಳೆಯ ಸೀರೆ ಕಟ್ಟಿ ನೆರಳು ಮಾಡಿದೆ. ಗಜಲಿಂಬೆ ಪೂರ್ತಿ ಒಣಗಿತು. ಉಗುರಿನಿಂದ ಕೆರೆದರೆ ಕಾಂಡದೊಳಗೆ ಹಸಿರೇ ಇರಲಿಲ್ಲ. ಐದನೆಯ ವಾರ ಲಿಂಬೆಯಲ್ಲಿ ಮಾತ್ರ ಒಂದು ಚಿಗುರು ಕಂಡಿತು. ಅದನ್ನು ತೋರಿಸಿ ಎಲ್ಲ ಹೇಳಿಬಿಡಬೇಕು ಎಂದು ಅಕ್ಕನನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದೆ. ನಡುವೆ ಎರಡು ಸಲ ಕೂತಳು.

ಚಿಗುರನ್ನು ಅವಳು ನೋಡಲೇ ಇಲ್ಲ. ಒಣಗಿದ ಗಜಲಿಂಬೆಯ ಮುಂದೆ ನಿಂತಳು. ಆ ಕುಂಡದ ಹೊರಮೈಯಲ್ಲಿ ಒಳಗಿನಿಂದ ಒಸರಿ ಕಟ್ಟಿದ ಬಿಳಿಯ ಪೊರೆ ಹಾಗೇ ಉಳಿದಿತ್ತು, ನಾನು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಅವಳು ಅದನ್ನು ಉಗುರಿನಲ್ಲಿ ಕೆರೆದು ನಾಲಗೆಗೆ ತಾಗಿಸಿದಳು.

"ಉಪ್ಪು," ಅಂದಳು. ನನ್ನ ಕಡೆ ತಿರುಗಿ, "ಚಟ್ನಿಯ ನೀರಾ?"

"ಹೌದಕ್ಕ. ತಪ್ಪಾಯಿತು. ನಿನಗೂ ಹಾಗೆಯೇ ಮಾಡಿಬಿಟ್ಟೆ."

"ನನಗೆ ಗೊತ್ತುಂಟು. ಚಟ್ನಿಯಲ್ಲಿ ಉಪ್ಪು ಇತ್ತು. ಹೇಳಿದ್ದರೆ ನೀನು ನಿಲ್ಲಿಸುತ್ತಿದ್ದಿ ಅಲ್ವಾ?"

ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳ ಉಗುರು ಮತ್ತೆ ಕುಂಡಕ್ಕೆ ಹೋಯಿತು, ಮತ್ತೆ ನಾಲಗೆಗೆ ಬಂತು. ಮೂರನೆಯ ಸಲ ಹೋಗುವಾಗ ನಾನು ಅವಳ ಮುಂಗೈ ಹಿಡಿದೆ. ಅದು ಡಯಾಲಿಸಿಸ್ಸಿಗಾಗಿ ರಕ್ತನಾಳ ಜೋಡಿಸಿದ ಕೈ, ಬಿಗಿಯಾಗಿ ಹಿಡಿಯಬಾರದು. ಚರ್ಮದ ಕೆಳಗೆ ರಕ್ತ ಗುಂಯ್‌ಗುಡುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು.

ಹಿಡಿತ ಸಡಿಲಿಸಿದೆ, ಬಿಡಲಿಲ್ಲ. ಅವಳೂ ಕೈ ಎಳೆದುಕೊಳ್ಳಲಿಲ್ಲ.