ಬೀಗದವನ ಪಕ್ಕದ ಮನೆ

ನೆರೆಯವರನ್ನು ಪ್ರೀತಿಸಿ ಎಂದು ಪಾದ್ರಿ ಉಪದೇಶ ಮಾಡುವ ಭಾನುವಾರ ಬೀಗದವನಿಗೆ ಚರ್ಚಿನಲ್ಲಿ ಕೂರುವುದೇ ಕಷ್ಟವಾಗುತ್ತಿತ್ತು. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಯಾರೋ ಪರಸ್ಥಳದವನು ಕತ್ತೆಯ ಮೇಲೆ ಕೂರಿಸಿಕೊಂಡು ಹೋಗಿ ಉಪಚರಿಸಿದ ಕಥೆ ಬಂದ ಕೂಡಲೇ ಹೆಂಡತಿ ಮೊಣಕೈಯಿಂದ ತಿವಿಯುತ್ತಿದ್ದಳು. ಹೊರಗೆ ಬಂದ ಮೇಲೆ ಅವನದು ಒಂದೇ ಗೊಣಗಾಟ.

"ಆ ಗಾಯಾಳು ಅರೆಜೀವವಾಗಿದ್ದ ಕಣೇ, ಬಾಯಿ ಬಿಡ್ಲಿಲ್ಲ. ನಮ್ಮ ಟೀಚರಮ್ಮನ್ನ ಕೂರಿಸಿದ್ರೆ ಕತ್ತೆ ನೆಟ್ಟಗೆ ನಡೀತಿಲ್ಲ ಅಂತಿದ್ಲು."

ಟೀಚರಮ್ಮನದು ಪಕ್ಕದ ಮನೆ. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಇಡೀ ಬೀದಿಯನ್ನು ತನ್ನ ಕ್ಲಾಸೆಂದೇ ತಿಳಿದಿದ್ದ ಒಂಟಿ ಮುದುಕಿ. ಆ ಮನೆಯ ಬಾಗಿಲು ಎಳೆದರೆ ಸಾಕು, ಬೀಗ ತಾನಾಗಿ ಬೀಳುತ್ತಿತ್ತು. ಕೀಲಿಕೈ ಒಳಗೇ ಮರೆತು ಹೊರಗೆ ನಿಂತು ಕೂಗುವುದು ಟೀಚರಮ್ಮನಿಗೆ ಅಭ್ಯಾಸವಾಗಿಬಿಟ್ಟಿತ್ತು. ಬೀಗದವನು ತಟ್ಟೆಯ ಮುಂದಿನಿಂದ ಎದ್ದು, ತಂತಿ ಕೊಕ್ಕೆ ಹಿಡಿದು ಓಡಬೇಕು. ತಡವಾದರೆ "ಕಲಿತಿದ್ದು ಇಷ್ಟೇನಾ?" ಎನ್ನುವಳು. ಬೇಗ ತೆಗೆದರಂತೂ ಬೀದಿಗೆಲ್ಲ ಕೇಳುವ ಹಾಗೆ, "ಇಷ್ಟು ಸಲೀಸಾಗಿ ತೆಗೀತಾನೆ, ನಾವು ಮನೇಲಿಲ್ಲದಾಗ ಏನು ಗತಿ?" ಎನ್ನುವಳು. ಅತ್ತ ದರಿ, ಇತ್ತ ಪುಲಿ. ಇನ್ನೊಂದು ಕೀಲಿ ನಮ್ಮಲ್ಲಿಟ್ಟಿರಿ ಎಂದದ್ದಕ್ಕೆ, ಕುರಿ ಕಾಯೋಕೆ ತೋಳನ್ನ ಬಿಡಲಾ ಎಂದು ಕೇಳಿದ್ದಳು.

ಅವನಿಗೆ ಉರಿಯುತ್ತಿದ್ದುದು ಅಲ್ಲೇ. ಬೀಗದ ಕಸುಬಿನಲ್ಲಿ ಹೆಸರೇ ಬಂಡವಾಳ. ಮನೆಯವರು ಎದುರಿಗೆ ನಿಂತು ತೆಗೆ ಎನ್ನುವ ತನಕ ಯಾವ ಬಾಗಿಲನ್ನೂ ಮುಟ್ಟಬೇಡ ಎಂದು ಅಪ್ಪ ಕಲಿಸಿದ್ದ. ಕರೆಯದೆ ತೆಗೆದವನನ್ನು ಆಮೇಲೆ ಯಾರೂ ಕರೆಯುವುದಿಲ್ಲ.

ಒಂದು ದಿನ ಮಧ್ಯಾಹ್ನವಾದರೂ ಟೀಚರಮ್ಮನ ಸದ್ದಿಲ್ಲ. ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಬಿಸಿಲಿಗೆ ಬಿದ್ದಿತ್ತು. ಹೆಂಡತಿ ಅಂಗಡಿಗೆ ಓಡಿಬಂದು ಅವನನ್ನು ಎಳೆದುಕೊಂಡು ಹೋದಳು. ಇಬ್ಬರೂ ಬಾಗಿಲು ತಟ್ಟಿದರು, ಕೂಗಿದರು. ಒಳಗಿಂದ ಉತ್ತರವಿಲ್ಲ.

"ತೆಗೀರಿ," ಎಂದಳು ಹೆಂಡತಿ.

"ಕರೀದೆ ಹೆಂಗೆ ತೆಗೀಲಿ? ನಿದ್ದೆ ಮಾಡ್ತಿದ್ರೆ? ಕಳ್ಳ ಅಂತ ಡಂಗುರ ಸಾರ್ತಾಳೆ."

"ಒಳಗೆ ಏನಾದ್ರೂ ಆಗಿದ್ರೆ?"

"ಆಗಿದ್ರೆ ಆಗ್ಲಿ. ನನ್ನ ಹೆಸರು ಹೋದ್ರೆ ಅವಳು ತಂದುಕೊಡ್ತಾಳಾ? ಇರು, ಸಾಕ್ಷಿಗೆ ಇಬ್ಬರನ್ನ ಕರ್ಕೊಂಡು ಬರ್ತೀನಿ."

ಹೋದ. ಬೇಕೆಂದಾಗ ಒಬ್ಬನೂ ಸಿಕ್ಕುವುದಿಲ್ಲವಲ್ಲ, ಎದುರು ಮನೆಗಳಿಗೆಲ್ಲ ಬೀಗ. ಮೂಲೆಯ ದರ್ಜಿ, ಈ ತೋಳು ಹೊಲಿದು ಬರ್ತೀನಿ ಎಂದವನು ಮಿಷನ್ನಿನಿಂದ ತಲೆ ಎತ್ತಲಿಲ್ಲ. ಬೀಗದವನು ಬೈದುಕೊಳ್ಳುತ್ತ ವಾಪಸು ಬಂದರೆ ಹೆಂಡತಿ ಹಾಲಿನ ಪ್ಯಾಕೆಟ್ಟು ಎತ್ತಿ ಅವನ ಕೈಯಲ್ಲಿಟ್ಟಳು. ಬಿಸಿಯಾಗಿ ಉಬ್ಬಿತ್ತು. ಅವನು ಮಂಡಿಯೂರಿ ತಂತಿ ತೆಗೆದ.

ಟೀಚರಮ್ಮ ಒಳಗೆ ಬಾಗಿಲ ಹತ್ತಿರವೇ ಬಿದ್ದಿದ್ದಳು, ಸೊಂಟದ ಮೂಳೆ ಮುರಿದಿತ್ತು. ಗಂಟಲು ಒಣಗಿ ಬರೀ ಪಿಸುಮಾತು ಬರುತ್ತಿತ್ತು. ಆ ಪಿಸುಮಾತಿನಲ್ಲೇ ಕೇಳಿದಳು, "ಯಾರಯ್ಯಾ ನಿನ್ನ ಕರೆದಿದ್ದು?"

ಬದುಕಿದ್ದಾಳಲ್ಲ ಎಂದು ಅವನಿಗೆ ಜೀವ ಬಂದಂತಾಯಿತು, ಕೆನ್ನೆಗೆ ಎರಡು ಬಿಡಬೇಕು ಅಂತಲೂ ಅನ್ನಿಸಿತು.

ಆಮೇಲೆ ಆಸ್ಪತ್ರೆ. ಗಂಡ ಹೆಂಡತಿ ಸರದಿಯ ಮೇಲೆ ಊಟ ಹೊತ್ತರು. ಟೀಚರಮ್ಮನ ಬಾಯಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ, ಸರಿಯಾದ ದಿನವೇ ಇಲ್ಲ. ನರ್ಸುಗಳು ಬಂದಾಗಲೆಲ್ಲ ಟೀಚರಮ್ಮ, "ನನ್ನ ಮನೆ ಬೀಗ ಒಡೆದವನು ಇವನೇ," ಎಂದು ಪರಿಚಯ ಮಾಡಿಸುವಳು. "ಒಡೀಲಿಲ್ಲ, ತೆಗೆದೆ," ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆಯಿತು.

ಗಾಲಿಕುರ್ಚಿಯಲ್ಲಿ ಮನೆಗೆ ಬಂದ ಮಾರನೇ ದಿನವೇ ಅವನಿಗೆ ಬುಲಾವು ಬಂತು.

"ಈ ಬೀಗ ಬದಲಾಯಿಸು. ನಿನ್ನ ಕೈಲೂ ತೆಗೆಯೋಕಾಗದಂಥದ್ದು ಹಾಕು."

ಇಷ್ಟೆಲ್ಲ ಮಾಡಿದ್ದಕ್ಕೆ ಇದು ಬಹುಮಾನ. ಅವನಿಗೆ ಮೈಯೆಲ್ಲ ಉರಿಯಿತು. ಒಂದು ಸುಳ್ಳು ಹೇಳಿದರೆ ಸಾಕಿತ್ತು. ಯಾವುದೋ ದಪ್ಪ ಬೀಗ ಜಡಿದು, ಇದು ನನ್ನಿಂದಾಗಲ್ಲ ಎಂದುಬಿಟ್ಟರೆ ಈ ಶನಿ ಇವತ್ತಿಗೇ ತೊಲಗುತ್ತಿತ್ತು. ಇನ್ನು ಮೇಲೆ ಊಟದ ಮಧ್ಯೆ ಏಳಬೇಕಾಗಿಯೇ ಇರಲಿಲ್ಲ. ಮಾತು ತುಟಿಯವರೆಗೂ ಬಂದಿತ್ತು.

"ಅಂಥ ಬೀಗ ಇಲ್ಲ, ಟೀಚರ್," ಎಂದ.

"ನಿಜ ಹೇಳು."

"ನಿಜಾನೇ. ಯಾವುದು ಹಾಕಿದ್ರೂ ತೆಗೀತೀನಿ."

"ಹಂಗಾದ್ರೆ ಇದೇ ಇರ್ಲಿ ಬಿಡು."

"ಮತ್ತೆ ಅಂಗಡಿ ಮುಚ್ಚಿಸಿ ನನ್ನ ಯಾಕೆ ಕರೆಸಿದ್ರಿ?"

"ಇನ್ನು ಮೇಲೂ ತೆಗೀತೀಯೋ, ತಪ್ಪಿಸ್ಕೋತೀಯೋ ತಿಳ್ಕೊಳ್ಳೋಕೆ," ಎಂದಳು ಟೀಚರಮ್ಮ. ದನಿಯಲ್ಲಿ ಎಂದಿನ ಗದರಿಕೆ ಇರಲಿಲ್ಲ. "ಅವತ್ತು ನೀವಿಬ್ರೂ ಹೊರಗೆ ಆಡಿದ್ದೆಲ್ಲ ನಂಗೆ ಕೇಳಿಸ್ತಿತ್ತು ಕಣಯ್ಯಾ. ಕೂಗೋಣ ಅಂದ್ರೆ ದನಿ ಬರ್ಲಿಲ್ಲ. ನಿನ್ನ ಹೆಸರಿನ ವಿಚಾರ ಮುಗಿಯೋ ತನಕ ನಾನು ನೆಲದ ಮೇಲೇ ಇದ್ದೆ."

ಬೀಗದವನು ಬಾಗಿಲ ಬಳಿ ಮಂಡಿಯೂರಿ ಆ ಹಳೇ ಬೀಗಕ್ಕೆ ಎಣ್ಣೆ ಬಿಡತೊಡಗಿದ.

"ಮುಂದಿನ ಸಲ ಅಷ್ಟು ಹೊತ್ತು ನಿಲ್ಲಬೇಡ."

"ಆಯ್ತು, ಟೀಚರ್," ಎಂದ. ತಲೆ ಎತ್ತಲಿಲ್ಲ.