ಖಾಲಿ ಬಿಟ್ಟ ಚೌಕ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಶ್ವಾಸಕೋಶ ಪರೀಕ್ಷೆಯ ಕೋಣೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಯಂತ್ರ ನಡೆಸುವವಳಿಗೆ ಎಲ್ಲರೂ ಇಟ್ಟ ಹೆಸರು ಊದಕ್ಕ. “ಎಳ್ಕೊಳ್ಳಿ, ಇನ್ನೂ, ಇನ್ನೂ! ಹಿಡ್ಕೊಳ್ಳಿ! ಈಗ ಊದಿ!” ಎಂಬ ಅವಳ ಕೂಗಿಗೆ ಹೊರಗೆ ಬೆಂಚಿನಲ್ಲಿ ಕೂತವರೂ ಉಸಿರು ಹಿಡಿಯುತ್ತಿದ್ದರು.

ಅಂಥವಳು ಈಚೆಗೆ ಮೆಟ್ಟಿಲ ತಿರುವಿನಲ್ಲಿ ಉಸಿರಿಗಾಗಿ ನಿಂತು, ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಗಳನ್ನು ಓದತೊಡಗಿದಳು. ಮೂರು ವಾರದಲ್ಲಿ ಅವು ಬಾಯಿಪಾಠವಾದವು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ನೋಡಿದರೆ ಆಮ್ಲಜನಕ ತೊಂಬತ್ತೊಂಬತ್ತು. ಆದರೂ ಏದುಸಿರು.

ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ತಾನೇ ಕೊಳವೆ ಕಚ್ಚಿದಳು. ಕೂಗುವವರಿರಲಿಲ್ಲ, ಮನಸ್ಸಿನಲ್ಲೇ ಕೂಗಿಕೊಂಡಳು. ಗಾಳಿ ಎಳೆಯುವುದು, ಬಿಡುವುದು ಸರಿಯಿತ್ತು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಅಂಕಿ ಮಾತ್ರ ನೂರಕ್ಕೆ ಅರವತ್ತೊಂದು. ಕಲ್ಲಿನ ಧೂಳು ಕುಡಿದೇ ಬದುಕಿದ್ದ ಅಪ್ಪನ ಪರೀಕ್ಷೆಯ ಕಾಗದದಲ್ಲೂ ಕಡೆಯ ವರ್ಷ ಇಂಥದೇ ಅಂಕಿಯಿತ್ತು.

ಯಾರಿಗೂ ಹೇಳಲಿಲ್ಲ. ಮನೆಗೆ ಹೋಗಿ, ಕುಕ್ಕರಿನ ರಬ್ಬರು ಎಲ್ಲಿರುತ್ತದೆಂದು ಗಂಡನಿಗೆ ತೋರಿಸಿದಳು.

“ನಂಗ್ಯಾಕೆ ಇದೆಲ್ಲ?”

“ಗೊತ್ತಿರ್ಲಿ.”

“ಯಾಕೆ, ನೀನೇನು ಎಲ್ಲಾದ್ರೂ ಹೋಗ್ತಿದೀಯಾ?”

“ಸದ್ಯಕ್ಕಿಲ್ಲ.”

ನಾಲ್ಕು ದಿನದಲ್ಲಿ ಅವನು ನೀರಿನ ಮೋಟಾರು, ಮಗಳ ಶಾಲೆ ವ್ಯಾನಿನ ನಂಬರು, ತನ್ನ ತಾಯಿಯ ಕಣ್ಣಿಗೆ ಹನಿ ಹಾಕುವ ಹೊತ್ತು, ಎಲ್ಲ ಕಲಿತ.

ಐದನೆಯ ದಿನ ಹೆಸರಿದ್ದ ಜಾಗ ಮಡಚಿ, ತನ್ನ ಪರೀಕ್ಷೆಯ ಕಾಗದವನ್ನು ಡಾಕ್ಟರಮ್ಮನ ಮುಂದಿಟ್ಟಳು. “ಒಬ್ರು ಹೆಂಗ್ಸು, ಮೇಡಂ. ಎಷ್ಟು ದಿನ ಇರ್ತಾರೆ?”

ಡಾಕ್ಟರಮ್ಮ ಕಾಗದ ನೋಡಿದರು, ಅದನ್ನು ಹಿಡಿದಿದ್ದ ಬಿಳಿಚಿದ ಉಗುರು ನೋಡಿದರು. “ಹಿಮೋಗ್ಲೋಬಿನ್ ಚೌಕ ಖಾಲಿ ಬಿಟ್ಟಿದೀಯಲ್ಲೇ!”

ರಕ್ತದ ಚೀಟಿ ತರದವರನ್ನು ಊದಕ್ಕ ಹತ್ತೊಂಬತ್ತು ವರ್ಷವೂ ಬಾಗಿಲಿನಿಂದಲೇ ವಾಪಸು ಕಳಿಸಿದ್ದಳು. ಆ ಚೌಕ ಖಾಲಿಯಿದ್ದರೆ ಯಂತ್ರವು ಒಳಗಿನ ರಕ್ತ ಸರಿಯಿದೆ ಎಂದೇ ಅಂದುಕೊಳ್ಳುತ್ತದೆ. ಅವಳೂ ಹಾಗೇ ಅಂದುಕೊಂಡಿದ್ದಳು. ತಿಂಗಳಿಗೆ ಹತ್ತು ದಿನ ಹೋಗುತ್ತಿದ್ದ ರಕ್ತ ಅವಳ ಪಾಲಿಗೆ ಕಾಯಿಲೆಯಾಗಿರಲಿಲ್ಲ, ಬಟ್ಟೆ ಒಗೆಯುವ ಕೆಲಸವಾಗಿತ್ತು.

ಅಂದೇ ಪರೀಕ್ಷೆಗೆ ರಕ್ತ ಕೊಟ್ಟಳು. ಹಿಮೋಗ್ಲೋಬಿನ್ ಏಳು, ಹನ್ನೆರಡಾದರೂ ಇರಬೇಕಿತ್ತು. ಚೌಕ ತುಂಬಿದ ಕೂಡಲೇ ಅರವತ್ತೊಂದು ಹೋಗಿ ಎಂಬತ್ತನಾಲ್ಕಾಯಿತು.

“ನಿನ್ನ ಶ್ವಾಸಕೋಶಕ್ಕೇನೂ ಆಗಿಲ್ಲ,” ಎಂದರು ಡಾಕ್ಟರಮ್ಮ. “ಗೋದಾಮಿನ ಬಾಗ್ಲು ತೆಗ್ದೇ ಇದೆ, ಮಾಲೂ ಬಂದಿದೆ. ರಕ್ತದಲ್ಲಿ ಹೊರೋ ಹಮಾಲಿಗಳೇ ಅರ್ಧ ಜನ.”

“ಮತ್ತೆ ಬೆರಳಿನ ಕ್ಲಿಪ್ಪಲ್ಲಿ ತೊಂಬತ್ತೊಂಬತ್ತು ಬಂತಲ್ಲ?”

“ಇರೋರೆಲ್ಲ ತುಂಬು ಮೂಟೆ ಹೊತ್ತಿದಾರೆ. ಕ್ಲಿಪ್ಪು ಮೂಟೆ ನೋಡುತ್ತೆ, ತಲೆ ಎಣಿಸಲ್ಲ.”

ಕಬ್ಬಿಣದ ಮಾತ್ರೆ ಬರೆದು, ಕೆಳಗಿನ ಸ್ತ್ರೀರೋಗ ವಿಭಾಗಕ್ಕೂ ಚೀಟಿ ಕೊಟ್ಟರು.

ಮೂರು ತಿಂಗಳ ಮೇಲೆ ಆಸ್ಪತ್ರೆಯವರು ಮೆಟ್ಟಿಲ ತಿರುವಿನ ಸೂಚನೆಗಳನ್ನು ಬದಲಾಯಿಸಿದರು. ಊದಕ್ಕನಿಗೆ ಅದು ಗೊತ್ತೇ ಆಗಲಿಲ್ಲ.

ವಿಷಯವೆಲ್ಲ ಕೇಳಿದ ಗಂಡ, “ಹಂಗಾದ್ರೆ ಇನ್ಮೇಲೆ ರಬ್ಬರು ನೀನೇ ನೋಡ್ಕೊತೀಯಲ್ಲ?” ಎಂದ.

“ಕಲ್ತಿದೀರಲ್ಲ,” ಎಂದಳು ಅವಳು. “ಮರೀಬೇಡಿ.”